ಅವ್ವ ಗುರುತು ಹಿಡಿಯುವ ಮಾರಿ

"ಯಾರ ಮಾರಿ ಬರದ್ರೂ ಅವರವ್ವ ದೂರದಿಂದ ನೋಡಿ 'ನನ್ನ ಮಗಾ' ಅನ್ನಬೇಕು, ಹಂಗ ಬರೀತೀನಿ" ಎಂದು ಜ್ಞಾನದೇವ ಅಪ್ಪನಿಗೆ ಮಾತು ಕೊಟ್ಟಿದ್ದ. ಆಗ ಅವನಿಗಿನ್ನೂ ಮೀಸೆ ಮೂಡಿರಲಿಲ್ಲ. ರಾಯಬಾಗದ ಒಂದು ಗೋಡೆಗೆ ನಿಚ್ಚಣಿಕೆ ಹಚ್ಚಿಕೊಂಡು ಮೇಲೆ ಅಪ್ಪ ನಾಮದೇವ, ಕೆಳಗೆ ಬಣ್ಣದ ಡಬ್ಬಿ ಹಿಡಿದು ಮಗ. ನಾಮದೇವ ಕೆಳಗೆ ನೋಡದೆಯೇ, "ಬರೇ ಬಾಯಿಲೆ ಅನಬ್ಯಾಡ, ಬ್ರಷ್ ಮುಟ್ಟಿ ಹೇಳು" ಅಂದ. ಹುಡುಗ ಬ್ರಷ್ ಮುಟ್ಟಿ ಹೇಳಿದ. ಬೆರಳಿಗೆ ಹತ್ತಿದ ಹಸಿ ನೀಲಿಯನ್ನು ಚಡ್ಡಿಗೆ ಒರೆಸಿಕೊಂಡ.

ನಾಮದೇವ ಪೇಂಟರ್ ಅಂದರೆ ನಿಪ್ಪಾಣಿಯಿಂದ ಅಥಣಿಯವರೆಗೆ ಗೊತ್ತಿದ್ದ ಹೆಸರು. ಬೀಡಿ, ಸಿಮೆಂಟು, ಗೊಬ್ಬರದ ಜಾಹೀರಾತು, ಶಾಲೆ ಗೋಡೆಯ ನಕಾಶೆ, ಏನು ಹೇಳಿದರೂ ಬರೆಯುತ್ತಿದ್ದ. ಆದರೆ ಹೆಸರು ನಿಂತದ್ದು ತೀರಿಕೊಂಡವರ ಮಾರಿ, ಮುಖದ ಚಿತ್ರ, ಬರೆಯುವುದರಲ್ಲಿ. ಅದಕ್ಕೊಂದು ರೀತಿ ಇಟ್ಟುಕೊಂಡಿದ್ದ. ಮಾರಿಯೆಲ್ಲ ಬರೆದು ಕಣ್ಣು ಮಾತ್ರ ಖಾಲಿ ಬಿಟ್ಟು, ಚಿತ್ರವನ್ನು ಧೋತರದಲ್ಲಿ ಸುತ್ತಿ ಆ ಮನೆಗೇ ಒಯ್ಯುತ್ತಿದ್ದ. ಸತ್ತವನ ಅವ್ವನನ್ನು ಎದುರಿಗೆ ಕೂಡಿಸಿಕೊಂಡು ಅಲ್ಲೇ ಕಣ್ಣು ಬಿಡಿಸುತ್ತಿದ್ದ. ಅವಳು ಹೂಂ ಅನ್ನದಿದ್ದರೆ ಎಲ್ಲ ಅಳಿಸಿ ಮೊದಲಿನಿಂದ ಶುರು. "ಊರೆಲ್ಲ ಹೌದಂದ್ರ ಏನ ಬಂತು, ಹೆತ್ತಾಕಿ ಒಪ್ಪಬೇಕು" ಅನ್ನುತ್ತಿದ್ದ.

ಆಮೇಲೆ ಫ್ಲೆಕ್ಸ್ ಬಂತು. ನಾಮದೇವ ಅದನ್ನು ನೋಡಿಯೇ ಸತ್ತ. ಜ್ಞಾನದೇವ ಹಾರೂಗೇರಿ ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಇಟ್ಟು ಮೌಸ್ ಹಿಡಿದ. ಹುಟ್ಟುಹಬ್ಬದ ಬ್ಯಾನರು, ಹಿಂದೆ ಒಂದು ಹುಲಿ, ಮೇಲೆ ಸಾಲಾಗಿ ಲೀಡರುಗಳ ರುಂಡ, ಕೆಳಗೆ ಶುಭ ಕೋರುವವರ ಸಣ್ಣ ಸಣ್ಣ ರುಂಡ. ವರ್ಷಗಟ್ಟಲೆ ಅವನು ಮಾಡಿದ್ದು ರುಂಡ ಕತ್ತರಿಸಿ ಅಂಟಿಸುವ ಕೆಲಸವನ್ನೇ. ಪೇಂಟರ್ ಅಂತ ಕರೆಯುವವರು ಯಾರೂ ಉಳಿದಿರಲಿಲ್ಲ. ಈಗ ಅವನು ಫ್ಲೆಕ್ಸ್ ಜ್ಞಾನ್ಯಾ.

ಅವನ ಊರು ಹಾರೂಗೇರಿಯಿಂದ ನದಿಯ ಕಡೆ ಹೊರಳಿದರೆ ಸಿಗುತ್ತದೆ. ಹೆಸರು ಬೇಡ, ಆ ಕಡೆ ಅಂಥ ಊರು ಬಹಳ ಇವೆ. ಅಲ್ಲಿ ನೀರು ಬಿಡುವವನು ಮಲಕಾರಿ. ಪಂಚಾಯ್ತಿಯ ವಾಲ್‌ಮನ್. ಅವನಪ್ಪ ಕುರಿ ಹಿಂಡು ಹೊಡೆದುಕೊಂಡು ಹೊಳೆ ದಾಟಿ ಬಂದು, ಯಾರದೋ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಲು ನಿಂತವನು ಹಾಗೇ ಉಳಿದುಬಿಟ್ಟಿದ್ದ. ಮಲಕಾರಿ ಹುಟ್ಟಿದ್ದು ಇಲ್ಲೇ, ಮದುವೆಯಾಗಿ ಹೆಂಡತಿಯನ್ನು ಮಣ್ಣು ಮಾಡಿದ್ದೂ ಇಲ್ಲೇ. ಊರಿಗೆ ಮಾತ್ರ ಅವರಿನ್ನೂ ಆಚೆ ದಂಡಿಯವರು.

ಪಂಚಾಯ್ತಿ ಇಲೆಕ್ಷನ್ ಬಂದಾಗ ಹಿಂದಿನ ಓಣಿಯ ಹೆಂಗಸರು ಸೇರಿ ಮಲಕಾರಿಯನ್ನು ನಿಲ್ಲಿಸಿದರು. ಎದುರು ನಿಂತವನು ಸಂಗ್ರಾಮ, ನದಿಯುದ್ದಕ್ಕೂ ಕಬ್ಬು, ಎತ್ತರದ ಮಡ್ಡಿ ನೆಲದಲ್ಲಿ ದ್ರಾಕ್ಷಿ ಇದ್ದ ಮನೆಯ ಮಗ. ಮಲಕಾರಿ ಒಂದು ಸಣ್ಣ ಬ್ಯಾನರು ಮಾಡಿಸಲು ಅವ್ವ ಸೀತವ್ವನನ್ನು ಕರೆದುಕೊಂಡು ಅಂಗಡಿಗೆ ಬಂದ. ಮುದುಕಿಗೆ ಕಣ್ಣಿನಲ್ಲಿ ಪೊರೆ. ಫೋಟೊ ತೆಗೆಯುವ ಮೊದಲು ಅವಳು ಸೀರೆಯ ಸೆರಗಿನಿಂದ ಮಗನ ಮಾರಿ ಒರೆಸಿದಳು. ಎಡ ಹುಬ್ಬಿನ ಮೇಲಿದ್ದ ಹಳೆಯ ಗಾಯದ ಮೇಲೆ ಬೆರಳು ಆಡಿಸಿದಳು.

"ಇದ ಟಗರ ಹಾದದ್ದಪಾ. ಸಣ್ಣಾಂವಿದ್ದಾಗ. ಇದನ್ನ ಅಳಸಬ್ಯಾಡ ಮತ್ತ, ನಾ ಗುರುತ ಹಿಡಿಯೂದ ಇದರಿಂದ."

"ಯವ್ವಾ, ಮಂದಿ ಓಟ ಹಾಕಬೇಕ, ನೀ ಗುರುತ ಹಿಡದ ಏನ ಮಾಡತಿ?" ಎಂದು ಮಲಕಾರಿ ನಕ್ಕ.

"ನಂದೂ ಒಂದ ಓಟ ಐತೆಲಾ ಮೂಳಾ" ಅಂದವಳು ಜ್ಞಾನದೇವನ ಕಡೆ ತಿರುಗಿ, "ನನ್ನ ಮಗನ್ನ ಚಂದ ಬರಿ ತಮ್ಮಾ" ಅಂದಳು. ಇದು ಫೋಟೊ, ಬರೆಯುವುದಲ್ಲ ಎಂದು ಅವನು ಹೇಳಲು ಹೋಗಲಿಲ್ಲ.

ಅದೇ ವಾರ ಜ್ಞಾನದೇವನ ಮಗಳು ಪೂನಮ ಅಂಗಡಿಯಲ್ಲಿ ತನ್ನ ಚಿತ್ರಗಳನ್ನು ಪ್ರಿಂಟ್ ಮಾಡಿಕೊಂಡಳು. ಅಥಣಿಯಲ್ಲಿ ಬಿ.ಎ. ಕೊನೆಯ ವರ್ಷ, ಇತಿಹಾಸ. ಜರ್ಮನಿಯಲ್ಲಿ ನಾಜಿಗಳು ಗೋಡೆಗೋಡೆಗೆ ಅಂಟಿಸಿದ್ದ ಪ್ರಚಾರದ ಚಿತ್ರಗಳ ಮೇಲೆ ಅವಳು ಸೆಮಿನಾರ್ ಕೊಡಬೇಕಿತ್ತು. ಉಳಿದ ಫ್ಲೆಕ್ಸ್ ತುಂಡುಗಳಲ್ಲಿ ಮೂರು ನಾಲ್ಕು ಚಿತ್ರ ತೆಗೆದು ಒಣಗಲು ಗೋಡೆಗೆ ಕ್ಲಿಪ್ ಹಾಕಿದಳು. ಜ್ಞಾನದೇವ ಚಹಾ ಕುಡಿಯುತ್ತ ನೋಡಿದ. ಒಂದರಲ್ಲಿ ಜೇಡದ ಮೈಗೆ ಮನುಷ್ಯನ ತಲೆ, ಭೂಗೋಳವನ್ನು ತಬ್ಬಿಕೊಂಡಿದೆ. ಇನ್ನೊಂದರಲ್ಲಿ ಒಬ್ಬ ದಡೂತಿ, ಪರದೆಯ ಹಿಂದಿನಿಂದ ಇಣುಕುತ್ತಾನೆ, ಕೈಯಲ್ಲಿ ಚೀಲ.

"ಇದ್ಯಾರ ಮಾರಿಯವಾ, ಇಷ್ಟ ಹೊಲಸ?"

"ಯಹೂದಿ ಮಂದಿ ಅಂತ ಪಪ್ಪಾ. ಅಂದ್ರ ಅವರನ್ನ ಕೊಲ್ಲಾವ್ರು ಬರದದ್ದು. ಮೂಗ ನೋಡು, ಹದ್ದಿನ ಕೊಕ್ಕಿ. ಬೆರಳ ನೋಡು, ಪಂಜಾ. ಅರ್ಧಾ ಪ್ರಾಣಿ ಮಾಡಿಟ್ಟಾರ. ಒಮ್ಮೆ ಪ್ರಾಣಿ ಅಂತ ಕಂಡ್ರ ಬಡಿಯಾಕ ಯಾರಿಗೂ ಅಳಕ ಬರೂದುಲ್ಲ."

"ಚೀಲ?"

"ರೊಕ್ಕದ್ದು. ಅವರಾಗ ಬಡವ್ರಿದ್ರು, ಬಟ್ಟಿ ಹೊಲಿಯಾವ್ರು, ಚಪ್ಪಲಿ ಹೊಲಿಯಾವ್ರು, ಮಾಸ್ತರಗೋಳು ಇದ್ರು. ಚಿತ್ರದಾಗ ಮಾತ್ರ ಎಲ್ಲಾರ ಕೈಯಾಗೂ ಚೀಲ. ಮತ್ತ ನೋಡಿಲ್ಲಿ, ಎದುರ ನಿಲ್ಲೂದ ಇಲ್ಲ ಅಂವ, ಯಾವಾಗಲೂ ಮರಿಗೆ. ಹೆಂಡ್ತಿ ಇಲ್ಲ, ಕೂಸಿಲ್ಲ. ಮನಿ ಇದ್ದ ಮನಶ್ಯಾ ಅಂತ ಗೊತ್ತಾಗಬಾರದು."

ಜ್ಞಾನದೇವ ಕಪ್ಪು ಕೆಳಗಿಟ್ಟು ಹತ್ತಿರ ಹೋದ. "ಬೆಳಕು ಕೆಳಗಿಂದ ಬಿಟ್ಟಾರ" ಅಂದ. "ಬಿಸಲಾಗಲಿ ದೀಪಾಗಲಿ, ಮಾರಿಗೆ ಬೆಳಕು ಮ್ಯಾಲಿಂದ ಬೀಳತೈತಿ. ಕೆಳಗಿಂದ ಬಿಟ್ರ ಎಂಥಾವನೂ ದೆವ್ವ ಆಗತಾನ."

"ಹೌದ ನೋಡು!" ಪೂನಮಳಿಗೆ ಖುಷಿಯಾಯಿತು. ಅಪ್ಪ ಇಷ್ಟು ಮಾತಾಡಿ ಎಷ್ಟೋ ದಿನವಾಗಿತ್ತು. "ಇದು ಇವರು ಹೊಸದಾಗಿ ಹುಟ್ಟಿಸಿದ್ದೂ ಅಲ್ಲ ಪಪ್ಪಾ. ಇವರಕಿಂತ ಆರುನೂರು ವರ್ಷ ಮೊದಲ ಅಲ್ಲಿ ಪ್ಲೇಗ ಬಂದಿತ್ತು. ಯಹೂದಿಗಳು ಬಾಂವ್ಯಾಗ ವಿಷ ಹಾಕ್ಯಾರ ಅಂತ ಸುದ್ದಿ ಹಬ್ಬಿಸಿ ಓಣಿಗೆ ಓಣಿ ಸುಟ್ರು. ಅವರೂ ಅದ ಪ್ಲೇಗಿನಾಗ ಸಾಯಾಕತ್ತಿದ್ರು, ಅದನ್ನ ಯಾರೂ ನೋಡಲಿಲ್ಲ."

ಅವನು ಆ ದಡೂತಿಯ ಮಾರಿಯನ್ನೇ ನೋಡುತ್ತಿದ್ದ. "ಇದರಾಗ ಒಂದ ಕಮ್ಮಿ ಐತಿ" ಅಂದ. "ಇದು ಯಾರ ಮಾರಿನೂ ಅಲ್ಲ. ಮೂಗ ಒಂದ ಕಡೆ, ತುಟಿ ಒಂದ ಕಡೆ, ತಂದು ಕೂಡಿಸ್ಯಾರ. ಯಾ ಅವ್ವನೂ ಇದನ್ನ ನೋಡಿ ನನ್ನ ಮಗಾ ಅನ್ನೂದುಲ್ಲ."

"ಯಾರದೂ ಅಲ್ಲದ್ದಕ್ಕ ಎಲ್ಲಾರ ಮ್ಯಾಲೂ ಕುಂತತು. ಅರವತ್ತು ಲಕ್ಷ ಮಂದೀನ್ನ ಕೊಂದ್ರು ಪಪ್ಪಾ, ತೊಟ್ಟಿಲ ಕೂಸ ಸುದ್ದಾ."

ಅವನು ತಲೆ ಆಡಿಸಿದ, ಅಯ್ಯೋ ಅಂದ. ಮನಸ್ಸು ಮಾತ್ರ ಬೇರೆ ಕಡೆ ಹೋಗಿತ್ತು. ಈ ಬೆಳಕು, ಈ ಬೆರಳು ಇಟ್ಟುಕೊಂಡು ಮಾರಿಯನ್ನು ಒಬ್ಬ ನಿಜವಾದ ಮನುಷ್ಯನಿಂದ ತಂದರೆ ಹೇಗಾದೀತು? ಅದು ಕೆಟ್ಟ ವಿಚಾರ ಅಂತ ಅವನಿಗೆ ಅನ್ನಿಸಲೇ ಇಲ್ಲ. ಕೆಲಸದ ವಿಚಾರ ಅನ್ನಿಸಿತು.

ಅಷ್ಟರಲ್ಲಿ ಊರಲ್ಲಿ ವಾಂತಿ ಭೇದಿ ಶುರುವಾಯಿತು. ಕಬ್ಬಿನ ಟ್ರ್ಯಾಕ್ಟರ್ ಹಾದು ನೀರಿನ ಪೈಪು ಒಡೆದಿತ್ತು, ಗಟಾರದ ನೀರು ಒಳಗೆ ಇಳಿಯುತ್ತಿತ್ತು. ಮಲಕಾರಿ ಪಂಚಾಯ್ತಿಗೆ ಹೋಗಿ ಬಾಯಿ ಬಡಿದುಕೊಂಡು ಬಂದಿದ್ದ. ಯಾರೂ ಎದ್ದಿರಲಿಲ್ಲ. ಮಕ್ಕಳು ಮಲಗಿದವು. ಮುರಗೆಪ್ಪ ಎಂಬವನ ಮೊಮ್ಮಗಳು, ಇನ್ನೂ ಹೆಸರಿಟ್ಟು ತಿಂಗಳು ಕಳೆದಿರದ ಕೂಸು, ಸತ್ತಿತು.

ಮರುದಿನ ಸಂಗ್ರಾಮ ಅಂಗಡಿಗೆ ಬಂದು ಕುರ್ಚಿ ಎಳೆದುಕೊಂಡು ಕೂತ. "ಏನ ಪೇಂಟರ್, ಹೆಂಗ ನಡದೈತಿ?" ಅಂದ.

ಪೇಂಟರ್ ಅಂದದ್ದಕ್ಕೇ ಜ್ಞಾನದೇವ ಅರ್ಧ ಕರಗಿದ.

"ಒಂದ ಬ್ಯಾನರ್ ಬೇಕು. ಮಲಕಾರೀದು. ಹೆಸರ ಹಾಕಿದ್ರ ಕೇಸ, ಫೋಟೊ ಹಾಕಿದ್ರೂ ಕೇಸ. ಕೈಲೆ ಬರೀಬೇಕು. ಯಾರಂತ ನಾವು ಹೇಳಬಾರದು, ನೋಡಿದವ್ರ ಹೇಳಬೇಕು. ಈ ನಾಕ ತಾಲೂಕಿನಾಗ ಅಂಥಾ ಕೈ ನಾಮದೇವ ಪೇಂಟರಂದಿತ್ತು, ಈಗ ನಿಂದೈತಿ." ಅವನ ಕಣ್ಣು ಗೋಡೆಯಲ್ಲಿ ಇನ್ನೂ ತೂಗುತ್ತಿದ್ದ ದಡೂತಿಯ ಕಡೆ ಹೋಯಿತು. "ಇಂವ ಯಾಂವಲೇ? ಯಾಂವರೆ ಇರಲಿ. ನೋಡಿದ ಕೂಡ್ಲೆ ಒದೀಬೇಕ ಅನಸ್ತೈತಿ. ಹಿಂತಾದ ಬೇಕು ನನಗ."

"ಸಾವಕಾರ್ರ, ಪೈಪ್ ಒಡದದ್ದು ಮಲಕಾರಿ ಮೊದಲ ಹೇಳಿದ್ದನಂತ್ರಿ..."

"ನನಗ ಗೊತ್ತಿಲ್ಲೇನ? ಒಡದದ್ದು ನಂದ ಟ್ರ್ಯಾಕ್ಟರ್." ಸಂಗ್ರಾಮ ನಗುತ್ತಲೇ ಹೇಳಿದ. "ಕೂಸ ಸತ್ತೈತಿ ಪೇಂಟರ್. ಮಂದಿಗೆ ಯಾರರೆ ಒಬ್ಬರ ಬೇಕಲ್ಲ. ನಾ ಆಗಲ್ಯಾ? ಇಲ್ಲಾ ನಿಮ್ಮ ಓಣಿಯವ್ರು ಆಗಲ್ಯಾ? ನಿಮ್ಮ ಹುಡುಗೂರೂ ನೀರಿನ ಟಾಕಿ ಹತ್ರ ಅಡ್ಡಾಡತಾವ ಅಂತ ನಿನ್ನೆ ಒಬ್ಬಾಂವ ಅಂದ. ನಾನ ಸುಮ್ಮ ಕೂಡಿಸೀನಿ. ಇಂವ ಆಚೆ ದಂಡ್ಯಾಂವ, ಕುರಿ ಔಷಧ ಗೊತ್ತಿದ್ದಾಂವ. ಟಾಕ್ಯಾಗ ಏನ ಸುರುವ್ಯಾನೋ ಯಾರ ಕಂಡಾರ?"

ಸಂಗ್ರಾಮ ಎದ್ದು ಹೋದ. ಜ್ಞಾನದೇವನಿಗೆ ಹೆದರಿಕೆಯಾಗಿತ್ತು, ಅದು ಸುಳ್ಳಲ್ಲ. ತನ್ನ ಓಣಿ, ತನ್ನ ಮಗಳು ಕಣ್ಣ ಮುಂದೆ ಬಂದಿದ್ದರು. ಆದರೆ ಶೆಟರ್ ಅರ್ಧ ಎಳೆದು ಅಪ್ಪನ ಟ್ರಂಕಿನಿಂದ ಬ್ರಷ್ ತೆಗೆದದ್ದು ಬರೀ ಹೆದರಿಕೆಯಿಂದಲ್ಲ.

ಅಂಗಡಿಯಲ್ಲೇ ತೆಗೆದಿದ್ದ ಮಲಕಾರಿಯ ಫೋಟೊವನ್ನು ಕಂಪ್ಯೂಟರಿನಲ್ಲಿ ತೆರೆದಿಟ್ಟುಕೊಂಡು, ಖಾಲಿ ಫ್ಲೆಕ್ಸಿನ ಮೇಲೆ ಕೈಯಿಂದಲೇ ಬರೆಯತೊಡಗಿದ. ಮೂಗನ್ನು ಬಹಳ ಬಾಗಿಸಲಿಲ್ಲ, ಒಂದಿಷ್ಟೇ. ಬೆಳಕನ್ನು ಕೆಳಗಿನಿಂದ ಬಿಟ್ಟ. ಬೆರಳು ಉದ್ದ ಮಾಡಿ, ವಾಲಿನ ಚಕ್ರವನ್ನು ಹಿಡಿಯುವ ಹಾಗೆ ಕೊಕ್ಕೆ ಮಾಡಿದ. ಚಕ್ರದಿಂದ ಪೈಪುಗಳು ಜೇಡದ ಕಾಲಿನ ಹಾಗೆ ಹೊರಟು ಒಂದೊಂದು ಮನೆಯ ಕಿಟಕಿಯಲ್ಲಿ ಇಳಿದವು. ಕೆಳಗೊಂದು ಕೂಸು, ಕೈಯಲ್ಲಿ ಲೋಟ. ಹುಬ್ಬಿನ ಮೇಲಿನ ಟಗರಿನ ಗಾಯವನ್ನು ದಪ್ಪ ಬಣ್ಣದ ಒಂದೇ ಎಳೆಯಲ್ಲಿ ಎಳೆದ, ಅದು ಎಷ್ಟು ಸಲೀಸಾಗಿ ಬಂತೆಂದರೆ ಅವನ ಬಾಯಿಂದ ತಾನಾಗಿ "ವ್ಹಾ" ಎಂದು ಹೊರಟಿತು. ಕಣ್ಣು ಕೊನೆಗೆ ಉಳಿಯಿತು. ಎದುರಿಗೆ ಯಾರ ಅವ್ವನೂ ಕೂತಿರಲಿಲ್ಲ. ಗೋಡೆಯ ಮೇಲಿನ ದಡೂತಿಯನ್ನು ನೋಡಿ ಒಂದು ಕಣ್ಣನ್ನು ಅರ್ಧ ಮುಚ್ಚಿಸಿದ. ಮೇಲೆ ಬರೆದ: ನಮ್ಮ ನೀರು, ನಮ್ಮ ಕೂಸು, ಯಾರ ಕೈಯಾಗ?

ಬ್ಯಾನರು ಊರ ಬಸ್ ನಿಲ್ದಾಣದ ಎದುರಿಗೆ ಏರಿತು. ಬೆಳಿಗ್ಗೆ ಕಾಲೇಜಿಗೆ ಹೊರಟ ಪೂನಮ ಅದನ್ನು ನೋಡಿ ಅಥಣಿ ಬಸ್ ಬಿಟ್ಟು, ಸಿಕ್ಕ ಟಂಟಂ ರಿಕ್ಷಾ ಹತ್ತಿ ನೇರ ಅಂಗಡಿಗೆ ಬಂದಳು.

"ನೀ ಬರದೀ."

ಅವನು ಮೌಸ್ ಬಿಡಲಿಲ್ಲ. "ಇಲೆಕ್ಷನ್ ಚ್ಯಾಷ್ಟಿ ಅದು ಯವ್ವಾ. ಹೋಳಿ ಹುಣ್ಣಿಮ್ಯಾಗ ಬಾಗಲಾಗ ನಿಂತ ಇದಕ್ಕಿಂತ ಹೊಲಸ ಬೈತಾರ."

"ಆ ಬೆರಳ ನಾ ತೋರಿಸಿದ್ದು. ಆ ಬೆಳಕ ನೀ ಹೇಳಿದ್ದು. ಅಲ್ಲಿ ನಿಂತ ಮಂದಿ ಏನ ಅನ್ನಾಕತ್ತಾರ ಗೊತ್ತೈತಿ? ಔಷಧ ಹಾಕಿದ್ದ ಖರೇ ಇರಬೇಕು, ಮಾರಿ ಮ್ಯಾಲ ಬರದೈತಿ ಅನ್ನಾಕತ್ತಾರ. ಮಾರಿ ಮ್ಯಾಲ ಬರದಾಂವ ಯಾರು ಪಪ್ಪಾ?"

"ನಿಮ್ಮ ಸಲುವಾಗಿ ಬರದೀನಿ. ಇಲ್ಲಂದ್ರ ನಮ್ಮ ಓಣಿ ಮ್ಯಾಲ ಬರತಿತ್ತು."

"ನಮ್ಮ ನಾಮದೇವ ಮುತ್ಯಾನ್ನ ಸಣ್ಣಾಂವಿದ್ದಾಗ ಬಾಂವಿ ದಂಡಿಗೆ ಬಿಡತಿದ್ದಿಲ್ಲ. ನಮ್ಮ ಜಾತಿಯವ್ರು ಮುಟ್ಟಿದ್ರ ನೀರ ಕೆಡತೈತಿ ಅಂತಿದ್ರು. ನೀನ ಹೇಳಿದ್ದಿ ನನಗ, ಅಳಕೋತ ಹೇಳಿದ್ದಿ. ಆ ಮಾತನ್ನ ತಗೊಂಡ ಹೋಗಿ ಮಲಕಾರಿ ಕಾಕಾನ ಮಾರಿಗೆ ಬಡದೀಯಲ್ಲ." ಅವಳು ಫ್ಲೆಕ್ಸ್ ಕೊಯ್ಯುವ ಬ್ಲೇಡನ್ನು ಅವನ ಮುಂದೆ ಎಸೆದಳು. "ಹೋಗಿ ಹರಿ. ಹೊತ್ತ ಮುಳುಗೂದರಾಗ ಹರಿ. ಸಂಜಿ ನೀರ ಬಿಡಾಕ ಅಂವ ಟಾಕಿಗೆ ಒಬ್ಬನ ಹೋಗತಾನ. ನಾ ಅಲ್ಲೀತನಕ ಅಂವನ್ನ ಮನ್ಯಾಗ ಹಿಡದ ಕೂಡಸ್ತೀನಿ. ನೀ ಹರದ ಮ್ಯಾಲ ಫೋನ್ ಮಾಡು."

ಜ್ಞಾನದೇವ ಹೋದ. ಹರಿಯಬೇಕು ಎಂದೇ ಹೋದ. ಬ್ಲೇಡು ಅಂಗಿಯ ಕಿಸೆಯಲ್ಲಿತ್ತು.

ಬ್ಯಾನರಿನ ಮುಂದೆ ಮಂದಿ ಇತ್ತು. ಅವನು ಗಾಡಿ ನಿಲ್ಲಿಸಿ ಹಿಂದೆ ನಿಂತ. ಗಾಳಿಗೆ ಫ್ಲೆಕ್ಸು ಉಬ್ಬಿದಾಗ ಮಲಕಾರಿ ಉಸಿರು ಎಳೆದುಕೊಂಡ ಹಾಗೆ ಕಾಣುತ್ತಿತ್ತು.

"ಥೇಟ್ ಅವನ! ಆ ಗಾಯದ ಗುರುತ ನೋಡಲೇ, ಏನ ಬರದಾನಪಾ" ಎಂದ ಒಬ್ಬ.

"ಇದು ಮಶೀನ್ ಕೆಲಸ ಅಲ್ಲ. ಹಿಂಗ ನಾಮದೇವ ಬರೀತಿದ್ದ. ಅಂವ ಸತ್ತ ಮ್ಯಾಲ ಇಂಥಾ ಕೈ ನೋಡಿದ್ದಿಲ್ಲ" ಎಂದ ಕಬ್ಬಿನ ಗ್ಯಾಂಗಿನ ಒಬ್ಬ ಮುದುಕ. ಸತ್ತ ಕೂಸಿನ ಅಜ್ಜ ಮುರಗೆಪ್ಪ ಚಿತ್ರವನ್ನೇ ನೋಡುತ್ತ ಕೂತಿದ್ದ. ಅವನ ಕೈಯಲ್ಲಿ ಕಬ್ಬು ಕಡಿಯುವ ಕತ್ತಿ ಇತ್ತು.

ಜ್ಞಾನದೇವ ಕಿಸೆಯೊಳಗೆ ಬ್ಲೇಡು ಹಿಡಿದುಕೊಂಡು ಆ ಮುದುಕನ ಮಾತು ಇನ್ನೊಮ್ಮೆ ಬರುತ್ತದೇನೋ ಎಂದು ಕಾದ. ಬಂತು. ಇನ್ನೂ ನಾಲ್ಕು ಮಂದಿ ಅದನ್ನೇ ಅಂದರು. ಹರಿಯಬೇಕಾದರೆ ಇವರೆಲ್ಲರ ಎದುರು ಕಂಬ ಹತ್ತಬೇಕು, ಯಾಕೆ ಎಂದು ಹೇಳಬೇಕು. ಮಂದಿ ಕರಗಲಿ ಅಂದುಕೊಂಡ. ಮಂದಿ ಕರಗಲಿಲ್ಲ, ಕೂಡಿತು. ಹೊತ್ತು ಮುಳುಗುವಾಗ ಪೂನಮ ಫೋನು ಮಾಡಿದಳು. "ಆತೇನು?" ಅಂದಳು.

"ಹೂಂ" ಅಂದ ಅವನು.

ಅವನು ಯಾಕೆ ಹೂಂ ಅಂದ ಎಂದು ಆಮೇಲೆ ಪೂನಮ ಕೇಳಿದಳು. ಮಗಳ ಬಾಯಿಂದ ಬೈಗುಳ ಕೇಳಿದ ದಿನವೇ ಊರ ಬಾಯಿಂದ ಅಪ್ಪನ ಹೆಸರಿನ ಜೊತೆ ತನ್ನ ಕೈಯ ಹೊಗಳಿಕೆ ಕೇಳಿದ್ದ. ಇನ್ನೊಂದು ಗಳಿಗೆ ಕೇಳಿ ಆಮೇಲೆ ಹರಿದರಾಯಿತು ಅಂದುಕೊಂಡಿದ್ದ, ಅಷ್ಟೇ.

ಪೂನಮ ಆ ಹೂಂ ನಂಬಿ ಮಲಕಾರಿಯನ್ನು ಬಿಟ್ಟಳು. ಅವನು ಸೈಕಲ್ ಹತ್ತಿ ಟಾಕಿಗೆ ಹೋದ. ಸಂಜೆ ನೀರಿನ ಹೊತ್ತು ಮೀರಿತ್ತು, ಹಿಂದಿನ ಓಣಿಯಲ್ಲಿ ಕೊಡ ಪಾಳಿಗೆ ಕೂತಿದ್ದವು. ಅವನು ವಾಲಿನ ಚಕ್ರಕ್ಕೆ ಕೈ ಹಾಕಿ ತಿರುಗಿಸುತ್ತಿದ್ದಾಗ ಬ್ಯಾನರಿನ ಎದುರಿನಿಂದ ಬಂದ ಮಂದಿ ನೋಡಿದರು. ಚಿತ್ರದಲ್ಲಿ ಹೇಗಿತ್ತೋ ಹಾಗೆ, ಬೆರಳು ಕೊಕ್ಕೆಯಾಗಿ ಚಕ್ರವನ್ನು ಹಿಡಿದಿದ್ದವು. ಚಕ್ರವನ್ನು ಯಾರು ಹಿಡಿದರೂ ಹಾಗೇ ಹಿಡಿಯಬೇಕು.

ಯಾರು ಮೊದಲು ಹೊಡೆದರು ಎಂದು ಯಾರೂ ಹೇಳಲಿಲ್ಲ. ಮಾರಿಗೇ ಹೊಡೆದರು. ಬೆನ್ನಿಗೆ, ಕಾಲಿಗೆ ಬಿದ್ದ ಏಟು ಕಡಿಮೆ. ವಾಲು ತಿರುಗಿಸುವ ಕಬ್ಬಿಣದ ಪಾನಾದಿಂದಲೇ ಹೊಡೆದರು. ಮಲಕಾರಿ "ನೀರ ಬಿಟ್ಟ ಬರತೀನ್ರೋ, ನೀರ ಬಿಟ್ಟ ಬರತೀನ್ರೋ" ಎನ್ನುತ್ತಿದ್ದನಂತೆ, ಬಾಯಿ ಇರುವ ತನಕ. ಮಿರಜಿನ ದವಾಖಾನೆಗೆ ಒಯ್ಯಲು ಗಾಡಿ ಕೊಟ್ಟವನು ಸಂಗ್ರಾಮ. ಹಿಂದಿನ ಸೀಟಿಗೆ ಪ್ಲಾಸ್ಟಿಕ್ ಹಾಸಿಸಿ ಕೊಟ್ಟ.

ಇಲೆಕ್ಷನ್ನಿನಲ್ಲಿ ಸಂಗ್ರಾಮ ಗೆದ್ದ. ಪೈಪು ರಿಪೇರಿಯಾಯಿತು. ಬ್ಯಾನರು ಕಟ್ಟಿದವರು ಯಾರೆಂದು ಗೊತ್ತಾಗಲಿಲ್ಲ, ಹೀಗಾಗಿ ಬಿಚ್ಚುವವರೂ ಇರಲಿಲ್ಲ.

ಸೀತವ್ವನನ್ನು ಮಗನ ಹತ್ತಿರ ಬಿಡಲು ಡಾಕ್ಟರು ಒಪ್ಪಿದ ದಿನ ಪೂನಮ ಅವಳನ್ನು ಮಿರಜಿಗೆ ಕರೆದುಕೊಂಡು ಹೋದಳು. ಜ್ಞಾನದೇವನೂ ಹಿಂದೆ ಹೋದ. ಮಗಳು ಬಾ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅವಳು ಅವನ ಜೊತೆ ಮಾತು ಬಿಟ್ಟಿದ್ದಳು. ಮಂಚದ ಮೇಲೆ ಇದ್ದವನಿಗೆ ದವಡೆಯನ್ನು ತಂತಿ ಹಾಕಿ ಕಟ್ಟಿದ್ದರು. ಎಡಗಣ್ಣು ತೆಗೆದಿದ್ದರು. ಹುಬ್ಬು ಇದ್ದ ಕಡೆ ಹೊಲಿಗೆ ಇತ್ತು. ಮುದುಕಿ ಬಗ್ಗಿ ನೋಡಿದಳು. ಹುಬ್ಬಿನ ಜಾಗದಲ್ಲಿ ಬೆರಳು ಆಡಿಸಿದಳು, ಟಗರಿನ ಗಾಯ ಹುಡುಕಿದಳು, ಸಿಗಲಿಲ್ಲ.

"ಇಂವ ಯಾರ? ನನ್ನ ಮಗಾ ಎಲ್ಲದಾನ?"

"ಇವನ ಆಯಿ, ಮಲಕಾರಿ ಕಾಕಾ" ಎಂದಳು ಪೂನಮ.

"ಯಾಕ ಆಡಸ್ತೀರಿ ಮುದಕೀನ್ನ? ಇದು ಯಾರೋ ಪಾಪದ ಜೀವ. ನನ್ನ ಮಗನ್ನ ತೋರಸ್ರಿ." ಮಂಚದ ಮೇಲಿನವನು ಉಳಿದ ಒಂದು ಕಣ್ಣಿನಿಂದ ಅವಳನ್ನು ನೋಡುತ್ತಿದ್ದ. ಯವ್ವಾ ಅನ್ನಲು ಅವನಿಗೆ ದವಡೆ ತೆರೆಯುವಂತಿರಲಿಲ್ಲ. ಮುದುಕಿ ಪಕ್ಕದ ಮಂಚಕ್ಕೆ ಹೋಗಿ ಅಲ್ಲಿದ್ದವನ ಮಾರಿ ಮುಟ್ಟಿ ನೋಡಿದಳು. ಆಮೇಲೆ ಅದರಾಚೆಯ ಮಂಚಕ್ಕೆ.

ಹೊತ್ತು ಇಳಿಯುವಾಗ ಊರಿಗೆ ವಾಪಸು ಬಂದು ಬಸ್ಸಿನಿಂದ ಇಳಿದರು. ಸೀತವ್ವ ಇಳಿದವಳೇ ಎದುರು ನೋಡಿ ನಿಂತಳು. ಕೈ ಹಣೆಗೆ ಅಡ್ಡ ಹಿಡಿದಳು. ಪೂನಮಳ ಕೈ ಕೊಡವಿಕೊಂಡು ರಸ್ತೆ ದಾಟಿದಳು.

"ಇಲ್ಲೆ ಅದಾನ ನೋಡ್ರಿ! ಇಲ್ಲೇ ನಿಂತಾನ ನನ್ನ ಮಗಾ!"

ಬ್ಯಾನರು ಒಂದು ಕಡೆ ಹಗ್ಗ ಹರಿದು ಕೆಳಗೆ ಜೋತು ಬಿದ್ದಿತ್ತು, ಮಾರಿ ಅವಳ ಕೈಗೆ ಎಟುಕುತ್ತಿತ್ತು. ಅವಳು ಸೆರಗು ತೆಗೆದು ಆ ಅರ್ಧ ಮುಚ್ಚಿದ ಕಣ್ಣು, ಬಾಗಿದ ಮೂಗು ಒರೆಸಿದಳು. "ಎಷ್ಟ ಧೂಳ ಹತ್ತೇತಿ ಕೂಸಿಗೆ" ಅಂದಳು. ಹುಬ್ಬಿನ ಮೇಲಿನ ಗಾಯ ಬೆರಳಿಗೆ ಸಿಗುತ್ತಲೇ ಕೆನ್ನೆಗೆ ಕೆನ್ನೆ ಹಚ್ಚಿ ನಿಂತಳು. ಆಮೇಲೆ ಜ್ಞಾನದೇವನ ಕಡೆ ತಿರುಗಿದಳು.

"ನೀನ ಬರದೀಯಲ್ಲೋ ತಮ್ಮಾ? ನಾ ಹೇಳಿದ್ದೆ ಚಂದ ಬರಿ ಅಂತ. ಇದರಿಂದರೆ ಗುರುತ ಸಿಕ್ಕತು."

ಪೂನಮ ಅಪ್ಪನನ್ನು ನೋಡಿದಳು.

ಮಲಕಾರಿಯ ಅವ್ವ ದೂರದಿಂದಲೇ ನೋಡಿ ನನ್ನ ಮಗಾ ಅಂದಳು. ಜ್ಞಾನದೇವ ಅಪ್ಪನಿಗೆ ಕೊಟ್ಟ ಮಾತು ಉಳಿಸಿಕೊಂಡ.